ಕೂದಲು ಕಟ್ಟಿ ತೋರಿಸಿ

ಡಾಕ್ಟರ್ ಕಾಮಾಕ್ಷಿ ನಿರ್ದಯಿ. ಬೇರೆಯವರ ನೋವು ಅವರಿಗೆ ತಟ್ಟುವುದಿಲ್ಲ. ಇದನ್ನು ಮೆತ್ತಗೆ ಹೇಳುವ ಅಗತ್ಯವಿಲ್ಲ. ಅವರೂ ಯಾರಿಗೂ ಏನನ್ನೂ ಮೆತ್ತಗೆ ಹೇಳಿದವರಲ್ಲ.

ಸಿಂಗಪುರದ ಬ್ಯೂನಾ ವಿಸ್ಟಾ ಬಡಾವಣೆಯ ಹಳೆಯ ವಸತಿ ಬ್ಲಾಕ್ ಒಂದರ ನೆಲಮಹಡಿಯಲ್ಲಿ, ಬೇಕರಿಗೂ ಕಟಿಂಗ್ ಶಾಪಿಗೂ ನಡುವೆ ಅವರ ಕ್ಲಿನಿಕ್ಕು. ಜ್ವರವೋ, ಸಕ್ಕರೆ ಕಾಯಿಲೆಯೋ, ಮಗುವಿನ ಮೈಮೇಲೆದ್ದ ಗುಳ್ಳೆಯೋ ಆದರೆ ಅವರ ಕೈಗುಣ ದೊಡ್ಡದು. ರೋಗ ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಅವರನ್ನು ಬೈಯುವವರೂ ಒಪ್ಪುತ್ತಾರೆ. ಆದರೆ ‘ನೋವು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನನ್ನು ಬಸ್ ಕಂಡಕ್ಟರ್ ನೋಡುವಂತೆ ನೋಡುತ್ತಾರೆ.

ಬ್ಯಾಂಕಿನಿಂದ ನಿವೃತ್ತರಾದ ಅನಂತರಾಮ್ ಒಮ್ಮೆ ಬೆನ್ನು ಹಿಡಿದುಕೊಂಡು ಅಲ್ಲಿಗೆ ಹೋಗಿದ್ದರು. ಹೊರಗಿನ ಬೆಂಚಿನ ಮೇಲೆ ಕೂತು “ಅಯ್ಯೋ ಅಮ್ಮಾ, ಅಮ್ಮಾ” ಎಂದು ನರಳುತ್ತಿದ್ದಾಗ ಡಾಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿದರು.

“ಅಮ್ಮ ಬರಲ್ಲ, ಇಲ್ಲಿರೋದು ನಾನು. ಒಳಗೆ ಬನ್ನಿ.”

“ಮೇಡಂ, ಪ್ರಾಣ ಹೋಗ್ತಿದೆ.”

“ಹೋಗೋ ಪ್ರಾಣ ಇಷ್ಟು ಜೋರಾಗಿ ಮಾತಾಡಲ್ಲ. ಶೂ ಲೇಸ್ ಬಿಚ್ಚಿ ಕಟ್ಟಿ ತೋರಿಸಿ.”

ಅನಂತರಾಮ್ ಬಗ್ಗಿದರು, ಬಿಚ್ಚಿದರು, ಕಟ್ಟಿದರು. ಕಟ್ಟಿದ್ದೇ ತಪ್ಪಾಯಿತು. ಎರಡು ಪ್ಯಾರಾಸಿಟಮಾಲ್, ದಿನಾ ನಡಿಗೆ, ಮನೆಯ ಮೆತ್ತನೆ ಸೋಫಾ ಯಾರಿಗಾದರೂ ಕೊಟ್ಟುಬಿಡಿ ಎಂಬ ಉಪದೇಶ, ಇಷ್ಟೇ ಸಿಕ್ಕಿದ್ದು. ಬೆನ್ನು ಸರಿಹೋಯಿತು, ಅದು ಬೇರೆ ಮಾತು. ಅವಮಾನ ಸರಿಹೋಗಲಿಲ್ಲ.

ಇದು ಅವರ ಪದ್ಧತಿ. ದೊಡ್ಡ ಆಸ್ಪತ್ರೆಗಳಲ್ಲಿ ‘ಹತ್ತರಲ್ಲಿ ಎಷ್ಟು ನೋವು?’ ಎಂದು ಕೇಳುವ ಕ್ರಮವಿದೆಯಲ್ಲ, ಅದು ಅವರಿಗೆ ಆಗದು. “ನಂಬರ್ ಹೇಳೋದು ಬಾಯಿ. ಬಾಯಿಗೇನೂ ಆಗಿಲ್ಲವಲ್ಲ” ಎನ್ನುತ್ತಾರೆ. ಬೆನ್ನಾದರೆ ಶೂ ಲೇಸು. ಮಂಡಿಯಾದರೆ ಕುಕ್ಕರಗಾಲಲ್ಲಿ ಕೂತು ಏಳುವುದು. ಭುಜ ಹಿಡಿದುಕೊಂಡು ಬಂದ ಹೆಂಗಸರಿಗೆ ಒಂದೇ ಪರೀಕ್ಷೆ: ಜೇಬಿನಿಂದ ಒಂದು ರಬ್ಬರ್ ಬ್ಯಾಂಡ್ ತೆಗೆದು ಮೇಜಿನ ಮೇಲಿಟ್ಟು, “ಕೂದಲು ಕಟ್ಟಿ ತೋರಿಸಿ.” ಎರಡೂ ಕೈ ತಲೆಯ ಹಿಂದಕ್ಕೆ ಹೋಗಿ ಜುಟ್ಟು ಕಟ್ಟಿದರೆ ವ್ಯಾಯಾಮ. ಹೋಗದಿದ್ದರೆ ಮಾತ್ರೆ, ಸ್ಕ್ಯಾನು, ತಜ್ಞರಿಗೆ ಚೀಟಿ. ಡಾಕ್ಟರಿಗೆ ಮಾತ್ರ ಕೂದಲು ಕಟ್ಟುವ ಈ ಕಷ್ಟವಿರಲಿಲ್ಲ. ಪಕ್ಕದ ಕಟಿಂಗ್ ಶಾಪಿನಲ್ಲಿ ಹುಡುಗರಂತೆ ಗಿಡ್ಡವಾಗಿ ಕತ್ತರಿಸಿದ ನರೆಗೂದಲು ಅವರದು. “ಮನಸ್ಸು ಹೇಗೋ ಕೂದಲೂ ಹಾಗೆ” ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು.

ಗುಟ್ಟು ಎಷ್ಟು ದಿನ ಗುಟ್ಟಾಗಿರುತ್ತದೆ? ಸಿಂಗಪುರದ ಕನ್ನಡ ಹೆಂಗಸರ ವಾಟ್ಸ್ಯಾಪ್ ಗುಂಪುಗಳಲ್ಲಿ ಈ ಪರೀಕ್ಷೆಯ ಪ್ರಶ್ನೆಪತ್ರಿಕೆ ಯಾವತ್ತೋ ಬಯಲಾಗಿತ್ತು. ಮಾತ್ರೆ ಬೇಕಾದವರು ಕೈಯನ್ನು ಕಿವಿಯವರೆಗೆ ಎತ್ತಿ ‘ಹಾ’ ಎಂದು ನಿಲ್ಲಿಸುವುದನ್ನು ಕನ್ನಡಿಯ ಮುಂದೆ ಕಲಿತುಕೊಂಡು ಹೋಗುತ್ತಿದ್ದರು. ಆದರೆ ನೋವಿದ್ದೂ ಇಲ್ಲವೆಂದು ತೋರಿಸಲು ಆ ಪರೀಕ್ಷೆಗೆ ತಯಾರಿ ಮಾಡಿದವಳು ಸುನಂದಾ ಒಬ್ಬಳೇ.

ಸುನಂದಾ ಪಾಸಿರ್ ಪಂಜಾಂಗ್‌ನ ಹಡಗು ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವವಳು. ನಲವತ್ತೊಂಬತ್ತು ವರ್ಷ. ಆಫೀಸಿನಲ್ಲಿ ಅವಳ ದನಿ ಪಕ್ಕದ ಮೇಜಿಗೂ ಕೇಳಿಸುವುದಿಲ್ಲ. ಅದೇ ಹೆಂಗಸು ಥ್ರೋಬಾಲ್ ಕೋರ್ಟಿಗಿಳಿದರೆ ನಿಂತ ನಿಲುವೇ ಬೇರೆ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಕಲಿತ ಆಟ. ಎರಡೂ ಕೈಯಲ್ಲಿ ಚೆಂಡು ಹಿಡಿಯಬೇಕು, ಹಿಡಿದ ತಕ್ಷಣ ಒಂದೇ ಕೈಯಲ್ಲಿ ಭುಜದ ಮೇಲಿಂದ ನೆಟ್ ದಾಟಿಸಿ ಎಸೆಯಬೇಕು. ಕರ್ನಾಟಕದಲ್ಲಿ ಶಾಲೆಗೆ ಹೋದ ಯಾವ ಹುಡುಗಿಯನ್ನು ಕೇಳಿದರೂ ಆಡಿದ್ದೇನೆ ಎನ್ನುತ್ತಾಳೆ. ಸಿಂಗಪುರಕ್ಕೆ ಬಂದವರು ಉಪ್ಪಿನಕಾಯಿಯ ಜೊತೆ ಅದನ್ನೂ ತಂದಿದ್ದಾರೆ. ವರ್ಷಕ್ಕೊಮ್ಮೆ ಬಡಾವಣೆವಾರು ತಂಡಗಳ ಪಂದ್ಯಾವಳಿ ನಡೆಯುತ್ತದೆ. ಹೋದ ವರ್ಷದ ಫೈನಲ್ಲಿನಲ್ಲಿ ಸುನಂದಾಳ ಬ್ಯೂನಾ ವಿಸ್ಟಾ ತಂಡ ಆಡಿದ್ದು ಪುಂಗೋಲ್ ತಂಡದ ಮೇಲೆ. ಹದಿನಾಲ್ಕು ಹದಿನಾಲ್ಕು ಸಮ. ಹದಿನೈದು ಮೊದಲು ಮುಟ್ಟಿದವರು ಗೆದ್ದಂತೆ. ಸರ್ವೀಸ್ ಸುನಂದಾಳದು. ಎಸೆದಳು, ಚೆಂಡು ಗೆರೆಯಾಚೆ ಬಿತ್ತು. ಒಂದು ವರ್ಷದಿಂದ ಆ ಚೆಂಡು ಅವಳ ತಲೆಯೊಳಗೆ ದಿನಾ ಬೀಳುತ್ತಲೇ ಇತ್ತು.

ಈ ವರ್ಷವೂ ಫೈನಲ್ ಪುಂಗೋಲ್ ಮೇಲೆಯೇ. ಸೇಡು ತೀರಿಸಿಕೊಳ್ಳಬೇಕೆಂದು ಆಫೀಸು ಮುಗಿಸಿ ವಾಯ್ಡ್ ಡೆಕ್ ಎಂದು ಕರೆಯುವ, ಬ್ಲಾಕಿನಡಿಯ ತೆರೆದ ಜಾಗದ ಕಂಬಕ್ಕೆ ಗುರಿಯಿಟ್ಟು ಎಸೆದೂ ಎಸೆದೂ ಸುನಂದಾ ಬಲಭುಜ ಕೆಡಿಸಿಕೊಂಡಳು. ಮೊದಲು ಸೆಳೆತ, ಆಮೇಲೆ ಉರಿ, ಕೊನೆಗೆ ಕೈ ಕಿವಿಯಿಂದ ಮೇಲೆ ಹೋದರೆ ಯಾರೋ ಒಳಗಿನಿಂದ ಹಗ್ಗ ಜಗ್ಗಿದಂತೆ. ಸೌಟು, ಬಾಚಣಿಗೆ, ಎಂಆರ್‌ಟಿ ರೈಲಿನ ಕಾರ್ಡು, ಎಲ್ಲ ಎಡಗೈಗೆ ಬಂದವು. ಮನೆಯಲ್ಲಿ ಗೊತ್ತಿದ್ದದ್ದು ಹದಿನೇಳರ ಮಗಳು ಅದ್ವಿಕಾಗೆ ಮಾತ್ರ, ಯಾಕೆಂದರೆ ಬೆಳಿಗ್ಗೆ ಅಮ್ಮನ ಜುಟ್ಟು ಕಟ್ಟುತ್ತಿದ್ದವಳು ಅವಳು.

“ಡಾಕ್ಟರ್ ಹತ್ರ ಹೋಗಮ್ಮ.”

“ಹೋದ್ರೆ ಆಟ ಬಿಡು ಅಂತಾರೆ.”

“ಕಾಮಾಕ್ಷಿ ಆಂಟಿ ಬಿಡು ಅನ್ನಲ್ಲ. ನೋವೇ ಇಲ್ಲ ಅಂತಾರೆ.”

“ಅದೂ ಬೇಡ.”

ಅವಳು ಹೋದದ್ದು ಹರ್ಷವರ್ಧನನ ಬಳಿಗೆ. ಹರ್ಷವರ್ಧನ್ ಆಟಗಾರರನ್ನು ನೋಡುವ ಹೊಸ ಕಾಲದ ಡಾಕ್ಟರು, ಪುಂಗೋಲ್ ಕಡೆಯ ಹುಡುಗ, ಮುಖದಲ್ಲಿ ಸದಾ ನಗು. ಭುಜ ಮುಟ್ಟಿ ನೋಡಿದ. “ಅರ್ಧಂಬರ್ಧ ಹರಿದಿರಬಹುದು, ಆಂಟಿ. ಸ್ಕ್ಯಾನ್ ಮಾಡಿಸೋಣ. ಮ್ಯಾಚ್ ಆಡಲೇಬೇಕು ಅಂದ್ರೆ ಅವತ್ತು ಒಂದು ಇಂಜೆಕ್ಷನ್ ಕೊಟ್ಟುಬಿಡ್ತೀನಿ. ನೋವು ತಿಂದ್ರೆ ಯಾರೂ ಮೆಡಲ್ ಕೊಡಲ್ಲ” ಎಂದ. ಎಂಥ ಸುಖದ ಮಾತು! ಸುನಂದಾ ಆ ಸಂಜೆ ಬಸ್ಸಿನಲ್ಲಿ ಹಾಡು ಗುನುಗುತ್ತಾ ಮನೆಗೆ ಬಂದಳು.

ಬಂದು ನೋಡಿದರೆ ಆಯೋಜಕರ ಸಂದೇಶ. ನಲವತ್ತೈದು ದಾಟಿದ ಆಟಗಾರ್ತಿಯರನ್ನು ಆಟಕ್ಕೆ ಮುಂಚೆ ಪಂದ್ಯದ ವೈದ್ಯರು ಪರೀಕ್ಷಿಸುತ್ತಾರೆ. ವೈದ್ಯರು ಇಬ್ಬರು. ಕಿರಿಯರು ಹರ್ಷವರ್ಧನ್. ಹಿರಿಯರು, ಕೊನೆಯ ಮಾತು ಹೇಳುವವರು, ಡಾಕ್ಟರ್ ಕಾಮಾಕ್ಷಿ.

ತಯಾರಿ ಶುರುವಾಯಿತು. ಅದ್ವಿಕಾ ಕೋಚ್. ತಲೆಯನ್ನು ಎಡಕ್ಕೆ ವಾಲಿಸಿ ಕೂದಲು ಒಂದೇ ಕಡೆಗೆ ಬೀಳಿಸುವುದು, ಎಡಗೈಯಲ್ಲಿ ಬಾಚಿ ಹಿಡಿಯುವುದು, ದೊಡ್ಡ ಹಲ್ಲಿನ ಕ್ಲಿಪ್ ‘ಟಪ್’ ಎಂದು ಹಾಕುವುದು. ಬಲಗೈ ಬರಿದೇ ಕಿವಿಯ ಪಕ್ಕ ಕುಣಿಯುತ್ತಿರಬೇಕು, ಕೆಲಸ ಮಾಡುವಂತೆ ಕಾಣಿಸಬೇಕು.

“ಅಮ್ಮಾ, ಮುಖ! ಮುಖ ನೋಡ್ಕೋ. ನಿಂಬೆಹಣ್ಣು ತಿಂದ ಹಾಗಿದೆ.”

“ನಗ್ತಾ ಇದೀನಲ್ಲೇ.”

“ಅದು ನಗು ಅಲ್ಲ ಲಾ,” ಸಿಂಗಪುರದ ರಾಗ ಎಳೆದಳು ಅದ್ವಿಕಾ, “ಅದು ಪಾಸ್‌ಪೋರ್ಟ್ ಫೋಟೋ.”

ಫೈನಲ್ ಭಾನುವಾರ ಬೆಳಿಗ್ಗೆ, ಬ್ಲಾಕ್‌ಗಳ ನಡುವೆ ಮೇಲೆ ಸೂರು ಹಾಕಿದ ಕೋರ್ಟಿನಲ್ಲಿ. ಲಿಟಲ್ ಇಂಡಿಯಾದಿಂದ ಇಡ್ಲಿಯ ಡಬ್ಬಿಗಳು ಬಂದಿದ್ದವು. ಮಕ್ಕಳು ತಟ್ಟೆ ಬಡಿಯುತ್ತಿದ್ದವು. ಮೈಕು ಅನಂತರಾಮ್ ಕೈಯಲ್ಲಿತ್ತು, ಅಂದಮೇಲೆ ಬೇರೆಯವರು ಮಾತಾಡುವ ಪ್ರಶ್ನೆಯೇ ಇಲ್ಲ.

“ಮಹಿಳೆಯರೇ ಮತ್ತು ಅವರ ಬ್ಯಾಗ್ ಹಿಡಿದು ನಿಂತಿರುವ ಮಹನೀಯರೇ! ಈಗ ಡಾಕ್ಟರ್ ಮೇಡಂ ಪರೀಕ್ಷೆ. ಧೈರ್ಯ ತಂದುಕೊಳ್ಳಿ. ನನಗೆ ಶೂ ಲೇಸ್ ಕಟ್ಟಿಸಿದವರು ಇವರೇ!”

ಐದು ಜನ ಹೆಂಗಸರು ಗೆರೆಯ ಮೇಲೆ ಸಾಲಾಗಿ ನಿಂತರು. ಐವರೂ ಕೂದಲು ಬಿಚ್ಚಿದರು, ಐವರೂ ಕಟ್ಟತೊಡಗಿದರು. ಮೇಲಿನ ಕಾರಿಡಾರ್‌ಗಳಿಂದ ಇಡೀ ಬ್ಲಾಕ್ ಬಗ್ಗಿ ನೋಡಿತು. ದಾರ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಕಾಫಿ ನೇತಾಡಿಸಿಕೊಂಡು ಹೋಗುತ್ತಿದ್ದ ಚೀನೀ ಅಜ್ಜ ಒಬ್ಬರು, ಇದು ಯಾವುದೋ ಶ್ಯಾಂಪೂ ಜಾಹೀರಾತಿನ ಶೂಟಿಂಗ್ ಎಂದುಕೊಂಡು ಅಲ್ಲೇ ನಿಂತುಬಿಟ್ಟರು.

ಡಾಕ್ಟರ್ ಸಾಲಿನ ಮುಂದೆ ಕೈ ಹಿಂದೆ ಕಟ್ಟಿ ನಡೆದರು. ಒಬ್ಬೊಬ್ಬರ ಮುಂದೆಯೂ “ಹ್ಞೂಂ” ಎಂದು ಮುಂದೆ ಹೋದರು. ಸುನಂದಾ ತಲೆ ವಾಲಿಸಿದಳು, ಬಾಚಿದಳು, ‘ಟಪ್’. ಮುಖದಲ್ಲಿ ನಗು. ಡಾಕ್ಟರ್ ಮುಂದೆ ಹೋದವರು ನಿಂತು, ತಿರುಗಿ ಬಂದರು.

“ಕ್ಲಿಪ್ ತೆಗೀರಿ.”

“ಯಾಕೆ ಮೇಡಂ?”

“ಕ್ಲಿಪ್‌ಗೆ ಒಂದು ಕೈ ಸಾಕು.” ಜೇಬಿನಿಂದ ರಬ್ಬರ್ ಬ್ಯಾಂಡ್ ಹೊರಗೆ ಬಂತು. “ಇದಕ್ಕೆ ಎರಡು ಬೇಕು.”

ಕೋರ್ಟಿನ ಆಚೆ ಅದ್ವಿಕಾ ಕಣ್ಣು ಮುಚ್ಚಿಕೊಂಡಳು. ಸುನಂದಾ ಬ್ಯಾಂಡ್ ತೆಗೆದುಕೊಂಡಳು. ಹಿಂದೆ ಸರಿಯುವ ಮಾತಿಲ್ಲ. ಎಡಗೈ ಹೋಯಿತು. ಬಲಗೈ ಹೊರಟಿತು: ಎದೆ, ಗಲ್ಲ, ಕಿವಿ. ಕಿವಿಯ ಹತ್ತಿರ ಭುಜದೊಳಗೆ ಬೆಂಕಿಕಡ್ಡಿ ಗೀರಿದಂತಾಯಿತು. ಅವಳು ಹಲ್ಲು ಕಚ್ಚಲಿಲ್ಲ, ಕಚ್ಚಿದರೆ ಕೆನ್ನೆಯಲ್ಲಿ ಕಾಣುತ್ತದೆ. ಎದುರಿನ ಬ್ಲಾಕ್‌ನ ಮೇಲೆ ಯಾರೋ ಒಣಹಾಕಿದ್ದ ನೀಲಿ ಬೆಡ್‌ಶೀಟನ್ನೇ ನೋಡುತ್ತಾ ಕೈಯನ್ನು ಹಿಂದಕ್ಕೆ ತಳ್ಳಿದಳು. ಒಂದು ಸುತ್ತು. ಎರಡು. ಮೂರು. ಕೈ ಇಳಿಸಿದಳು. ಮುಖದ ನಗು ಹಾಗೇ ಇತ್ತು.

ಡಾಕ್ಟರ್ ಅವಳನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. “ಹ್ಞೂಂ. ಆಡಿ” ಎಂದು ಹೋದರು.

ಗೆದ್ದೆ! ಸುನಂದಾಗೆ ಕುಣಿಯಬೇಕೆನಿಸಿತು. ಕಾಮಾಕ್ಷಿಗೇ ಟೋಪಿ ಹಾಕಿದ ಹೆಂಗಸು ಈ ದ್ವೀಪದಲ್ಲಿ ಇನ್ನೊಬ್ಬಳಿಲ್ಲ.

ಆಟದ ಚಾಲನೆಗೆ ಹಿರಿಯ ವೈದ್ಯರು ಮೊದಲ ಚೆಂಡು ಎಸೆಯಬೇಕೆಂದು ಅನಂತರಾಮ್ ಮೈಕಿನಲ್ಲಿ ಕರೆದರು. ಡಾಕ್ಟರ್ ಬೇಡವೆಂದರು. ಜನ ಬಿಡಲಿಲ್ಲ. ಕೊನೆಗೆ ಬಂದು, ಚೆಂಡನ್ನು ಸೊಂಟದ ಕೆಳಗಿನಿಂದ ಗೋಲಿ ಉರುಳಿಸುವಂತೆ ನೆಲದ ಮೇಲೆ ಬಿಟ್ಟು, ಹಿಂತಿರುಗಿ ನೋಡದೆ ಹೋಗಿ ಕುರ್ಚಿಯಲ್ಲಿ ಕೂತರು.

“ನೋಡಿ, ನಮ್ಮ ಆಟಕ್ಕೆ ಮೇಡಂ ಕೊಡುವ ಮರ್ಯಾದೆ!” ಎಂದರು ಅನಂತರಾಮ್. ನಗೆ ಎದ್ದಿತು. ಎಂಥ ಜಂಬ ಎಂದುಕೊಂಡಳು ಸುನಂದಾ.

ಆಟ ಶುರುವಾಯಿತು. ಪುಂಗೋಲ್ ನಾಯಕಿ ಸಿಂಚನಾ, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗಿ, ಇಪ್ಪತ್ತಾರು ವರ್ಷ, ಚಿಗರೆಯ ಕಾಲು. ಅವಳ ತಂಡದಲ್ಲಿ ಮೂವತ್ತು ದಾಟಿದವರು ಒಬ್ಬರೂ ಇರಲಿಲ್ಲ. “ಆಂಟಿ, ಮೆಲ್ಲಗೆ ಹಾಕಿ, ನಾವಿನ್ನೂ ಚಿಕ್ಕವರು” ಎಂದು ನೆಟ್ಟಿನಾಚೆಯಿಂದ ಕೆಣಕಿದಳು. ಸುನಂದಾಳ ಮೊದಲ ಸರ್ವೀಸ್ ಉತ್ತರ ಹೇಳಿತು. ಚೆಂಡು ನೆಟ್ಟಿನ ಮೇಲೆ ಕೂದಲೆಳೆಯ ಅಂತರದಲ್ಲಿ ಗುಂಡಿನಂತೆ ಹೋಗಿ ಸಿಂಚನಾಳ ಕೈಯಿಂದ ಜಾರಿ ಎದೆಗೆ ಬಡಿಯಿತು.

“ಚಿಕ್ಕವರಿಗೆ ಚಿಕ್ಕದೇ ಹಾಕಿದ್ದೀನಿ!” ಸುನಂದಾ ಕೂಗಿದಳು. ಆಫೀಸಿನವರು ಕೇಳಿದ್ದರೆ ನಂಬುತ್ತಿರಲಿಲ್ಲ.

ಮೊದಲ ಸೆಟ್ ಬ್ಯೂನಾ ವಿಸ್ಟಾಗೆ. ಪ್ರತಿ ಎಸೆತಕ್ಕೂ ಭುಜ ಅವಳ ಹೆಸರು ಹಿಡಿದು ಕೂಗುತ್ತಿತ್ತು; ಪ್ರತಿ ಪಾಯಿಂಟಿಗೂ ಜನ ಕೂಗುತ್ತಿದ್ದರು; ಜನರ ಕೂಗೇ ದೊಡ್ಡದಾಗಿತ್ತು. ಎರಡನೇ ಸೆಟ್‌ನಲ್ಲಿ ಅವಳ ಸರ್ವೀಸಿನ ಬಿಸಿ ಇಳಿಯಿತು. ಸಿಂಚನಾ ಅದನ್ನು ಹಿಡಿಯಲಾರಂಭಿಸಿದಳು. “ಹಿಡಿದಳು! ಚೆಂಡು ಹಿಡಿದ ಹಾಗಿಲ್ಲ, ಹೊರಟ ಬಸ್ಸು ಹಿಡಿದ ಹಾಗಿದೆ!” ಅನಂತರಾಮ್ ದನಿ ಒಡೆಯುತ್ತಿತ್ತು. ಸೆಟ್ ಪುಂಗೋಲ್‌ಗೆ ಹೋಯಿತು.

ಮೂರನೇ ಸೆಟ್‌ಗೆ ಕೋರ್ಟಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಕಾರಿಡಾರಿನವರು ಕೆಳಗಿಳಿದು ಬಂದಿದ್ದರು. ಕಾಫಿ ಚೀಲದ ಅಜ್ಜ ಬ್ಯೂನಾ ವಿಸ್ಟಾ ಕಡೆಗೆ ಸೇರಿ, ಭಾಷೆ ಬಾರದಿದ್ದರೂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿದ್ದರು. ಐದು ಐದು. ಒಂಬತ್ತು ಒಂಬತ್ತು. ಒಬ್ಬರನ್ನೊಬ್ಬರು ಬಿಟ್ಟುಹೋಗಲೊಲ್ಲರು. ಹದಿಮೂರು ಹದಿಮೂರಾದಾಗ ಸುನಂದಾ ಎತ್ತರದ ಚೆಂಡೊಂದನ್ನು ಹಿಡಿದು, ಮೈಯೆಲ್ಲ ಬಳಸಿ ಎಸೆದಳು. ಭುಜದೊಳಗೆ ಒದ್ದೆ ಬಟ್ಟೆ ಹರಿದಂತಾಯಿತು. ಚೆಂಡು ನೆಟ್ಟಿಗೆ ಬಡಿದು ಅವಳ ಕಾಲ ಬಳಿಯೇ ಬಿತ್ತು. ಹದಿನಾಲ್ಕು ಪುಂಗೋಲ್‌ಗೆ. ಅವಳ ಬಲಗೈ ಪಕ್ಕದಲ್ಲಿ, ಬೇರೆ ಯಾರದೋ ಎಂಬಂತೆ ತೂಗುತ್ತಿತ್ತು.

ಟೈಮ್ ಔಟ್. ಒಂದು ನಿಮಿಷ. ಹರ್ಷವರ್ಧನ್ ತನ್ನ ಪೆಟ್ಟಿಗೆ ಹಿಡಿದು ಓಡಿಬಂದ. ಹಿಂದೆಯೇ, ಓಡದೆ, ಡಾಕ್ಟರ್ ಕಾಮಾಕ್ಷಿ.

“ಆಂಟಿ, ಒಂದೇ ಇಂಜೆಕ್ಷನ್. ಭುಜ ಇದೆ ಅನ್ನೋದೇ ಮರೆತುಹೋಗುತ್ತೆ.”

“ಪೆಟ್ಟಿಗೆ ಮುಚ್ಚಪ್ಪ” ಎಂದರು ಡಾಕ್ಟರ್. “ಮರೆತು ಎಸೆದ್ರೆ ಅರ್ಧ ಹರಿದಿದ್ದು ಪೂರ್ತಿ ಹರಿಯುತ್ತೆ. ನೋವು ಬಾಗಿಲು ಕಾಯ್ತಾ ಇದೆ. ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಡ್ತೀಯಾ?”

“ಅವರು ಅಳ್ತಾ ಇದಾರೆ ಮೇಡಂ! ನಿಮ್ಮ ಕಾಲದ ಡಾಕ್ಟರ್‌ಗಳಿಗೆ ಪೇಷಂಟ್ ನರಳಿದ್ರೆ ಏನೋ ತೃಪ್ತಿ.”

“ನಿಮ್ಮ ಕಾಲದವರಿಗೆ ಪೇಷಂಟ್ ನರಳಿದ್ರೆ ಭಯ. ಸದ್ದು ನಿಲ್ಲಿಸೋಕೆ ಓಡಿಬರ್ತೀರಿ.”

“ಇಬ್ಬರೂ ಆಮೇಲೆ ಜಗಳ ಆಡಿ!” ಸುನಂದಾ ಕಿರುಚಿದಳು. ಕಣ್ಣಲ್ಲಿ ನೀರಿತ್ತು, ಅದು ಸಿಟ್ಟಿನದೋ ನೋವಿನದೋ ಅವಳಿಗೇ ತಿಳಿಯದು. “ನನಗಿರೋದು ಒಂದು ನಿಮಿಷ. ಆಡಬಹುದಾ ಇಲ್ವಾ, ಅಷ್ಟು ಹೇಳಿ.”

ಡಾಕ್ಟರ್ ಅವಳ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮೆಲ್ಲಗೆ ಎತ್ತಿದರು. ಎದೆಯ ಮಟ್ಟಕ್ಕೆ ಬಂದಾಗ ನಿಲ್ಲಿಸಿದರು. ಸುನಂದಾ ಏನೂ ಹೇಳಿರಲಿಲ್ಲ.

“ಬೆಳಿಗ್ಗೆ ಕೂದಲು ಕಟ್ಟುವಾಗಲೂ ಹೀಗೇ ಉಸಿರು ಹಿಡಿದಿದ್ರಿ. ಮುಖಕ್ಕೆ ಸುಳ್ಳು ಕಲಿಸಬಹುದು. ಉಸಿರಿಗೆ ಆಗಲ್ಲ.”

“ಗೊತ್ತಿತ್ತಾ? ಗೊತ್ತಿದ್ದೂ ಯಾಕೆ ಬಿಟ್ರಿ?”

“ಕೈ ಮೇಲೆ ಹೋಯ್ತಲ್ಲ. ನೋವಿದೆ ಅಂತ ಎಲ್ಲರನ್ನೂ ಮನೇಲಿ ಕೂರಿಸೋಕಾಗುತ್ತಾ?” ಕೈಯನ್ನು ಇಳಿಸಿ ಅವಳ ಹೊಟ್ಟೆಯ ಹತ್ತಿರ ಇಟ್ಟರು. “ಈಗ ಹೋಗ್ತಿಲ್ಲ. ಬಲಗೈ ಇವತ್ತಿಗೆ ಮುಗೀತು. ಎತ್ತಿದ್ರೆ ನಾನೇ ಒಳಗೆ ಬಂದು ಎಳ್ಕೊಂಡು ಹೋಗ್ತೀನಿ. ಎಡಗೈ ಇದೆಯಲ್ಲ, ಆಡಿ.”

ರೆಫರಿಯ ಸೀಟಿ ಕೇಳಿಸಿತು. ಎಡಗೈ! ಸೌಟು ಹಿಡಿಯುವುದನ್ನು, ಕಾರ್ಡು ಒತ್ತುವುದನ್ನು, ಕ್ಲಿಪ್ ಹಾಕುವುದನ್ನು ಕಲಿತ ಎಡಗೈ. ಚೆಂಡು ಎಸೆಯುವುದನ್ನು ಮಾತ್ರ ಯಾರೂ ಅದಕ್ಕೆ ಕಲಿಸಿರಲಿಲ್ಲ.

ಸಿಂಚನಾ ದಡ್ಡಿಯಲ್ಲ. ಸೋತ ಕೈ ಎಲ್ಲಿದೆಯೆಂದು ಗೊತ್ತಿತ್ತು, ಗೆಲ್ಲಲು ಬೇಕಾದದ್ದು ಒಂದೇ ಪಾಯಿಂಟು. ಸರ್ವೀಸನ್ನು ನೇರವಾಗಿ ಸುನಂದಾಳ ಮೇಲೆಯೇ ಬಿಟ್ಟಳು. ಬಂತು. ಸುನಂದಾ ಎರಡೂ ಕೈಯನ್ನು ಹೊಟ್ಟೆಯ ಹತ್ತಿರವೇ ಇಟ್ಟು, ಮಂಡಿ ಬಗ್ಗಿಸಿ, ಚೆಂಡನ್ನು ಮಡಿಲಿಗೆ ಹಾಕಿಕೊಂಡಂತೆ ಹಿಡಿದಳು. ಹಿಡಿದದ್ದೇ ಎಡಗೈಯಲ್ಲಿ, ಭುಜದ ಮೇಲಿಂದ ತಳ್ಳಿದಳು. ಚೆಂಡು ಅಡ್ಡಾದಿಡ್ಡಿಯಾಗಿ, ಕುಡಿದವನಂತೆ ತೂರಾಡುತ್ತಾ ಹೋಯಿತು, ನೆಟ್ಟಿನ ಪಟ್ಟಿಯ ಮೇಲೆ ಒಂದು ಕ್ಷಣ ಕೂತಿತು, ಆಚೆ ಬಿತ್ತು. ಗುಂಡಿನಂಥ ಎಸೆತಕ್ಕೆ ಹಿಂದೆ ಸರಿದು ನಿಂತಿದ್ದ ಪುಂಗೋಲ್ ಹುಡುಗಿಯರು ಮುಂದೆ ಓಡಿಬರುವಷ್ಟರಲ್ಲಿ ನೆಲ ಮುಟ್ಟಿತ್ತು.

“ಹದಿನಾಲ್ಕು ಹದಿನಾಲ್ಕು! ಅಯ್ಯೋ ಅಮ್ಮಾ!” ಮೈಕು ಒಡೆದುಹೋಗುವಂತೆ ಕೂಗಿದರು ಅನಂತರಾಮ್. ಈ ಬಾರಿ ಅವರ ಅಮ್ಮನನ್ನು ಯಾರೂ ಆಕ್ಷೇಪಿಸಲಿಲ್ಲ.

ಸರ್ವೀಸ್ ಸುನಂದಾಳದು. ಅದೇ ಅಂಕ, ಅದೇ ಗೆರೆ, ಒಂದು ವರ್ಷದಿಂದ ತಲೆಯೊಳಗೆ ಬೀಳುತ್ತಿದ್ದ ಅದೇ ಚೆಂಡು. ಎದುರಿಗೆ ನೋಡಿದಳು. ಸಿಂಚನಾ ಕೈ ಬೀಸಿ ತನ್ನವರನ್ನೆಲ್ಲ ನೆಟ್ಟಿನ ಹತ್ತಿರಕ್ಕೆ ಕರೆಯುತ್ತಿದ್ದಳು: “ಮುಂದೆ ಬನ್ರೇ, ಮುಂದೆ! ಅವರ ಕೈಯಲ್ಲಿ ದೂರ ಹೋಗಲ್ಲ!” ಹಿಂದೆ ಇಬ್ಬರೇ ಉಳಿದರು, ನಡುವೆ ಒಂದು ಹಾಸಿಗೆ ಹಾಸುವಷ್ಟು ಜಾಗ.

ಸುನಂದಾ ಚೆಂಡನ್ನು ಎಡ ಅಂಗೈಯ ಮೇಲಿಟ್ಟು ಭುಜದ ಮೇಲಕ್ಕೆತ್ತಿ, ಹಿಂದಿನ ಕಾಲಿನಿಂದ, ಸೊಂಟದಿಂದ, ಬೆನ್ನಿನಿಂದ ಬಲವನ್ನೆಲ್ಲ ಬಾಚಿ ಮೇಲಕ್ಕೆಸೆದಳು. ಬಲಭುಜ ಅದಕ್ಕೂ ಚೀರಿತು. ಚೆಂಡು ಏರಿತು, ಏರುತ್ತಲೇ ಹೋಯಿತು, ಸೂರಿಗೆ ತಾಗುತ್ತದೇನೋ ಎಂದು ಜನ ಉಸಿರು ಬಿಗಿಹಿಡಿದರು. ತಟ್ಟೆ ಬಡಿಯುವುದೂ ನಿಂತಿತು. ಆಮೇಲೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಎಲ್ಲರ ತಲೆ ದಾಟಿ ಇಳಿಯತೊಡಗಿತು. ಹಿಂದಿನ ಇಬ್ಬರೂ ತಲೆಯೆತ್ತಿ ನಿಂತರು. ಹಿಡಿಯಲು ಬೇಕಾದಷ್ಟು ಸಮಯವಿತ್ತು. ಸಮಯ ಜಾಸ್ತಿಯಾದದ್ದೇ ಕೆಟ್ಟಿತು.

“ನೀನು ತಗೋ!”

“ಏಯ್, ನಿಂದು ಕಣೇ!”

ಚೆಂಡು ಇಬ್ಬರ ನಡುವೆ, ಗೆರೆಯಿಂದ ಒಂದು ಗೇಣು ಒಳಗೆ, ಮೆತ್ತಗೆ ಕೂತಿತು.

ಆಮೇಲೆ ಏನಾಯಿತೆಂದು ಸುನಂದಾಗೆ ಸರಿಯಾಗಿ ಗೊತ್ತಿಲ್ಲ. ಕಿವಿಗಡಚಿಕ್ಕುವ ಕೂಗು. ಮೈಮೇಲೆ ಬಿದ್ದ ಆರು ಜನ. ಕಾಫಿ ಚೀಲದ ಅಜ್ಜ ಯಾರ್ಯಾರದೋ ಕೈ ಕುಲುಕುತ್ತಿದ್ದರು. ಸಿಂಚನಾ ನೆಟ್ಟಿನ ಕೆಳಗೆ ನುಸುಳಿ ಬಂದು, “ಆಂಟಿ, ನೀವು ಮಹಾ ಮೋಸಗಾರ್ತಿ! ಮೊದಲೇ ಎಡಗೈ ಇದೆ ಅಂತ ಹೇಳಬಾರದಾ?” ಎಂದು ಅಪ್ಪಿಕೊಂಡು, ಅಪ್ಪುವಾಗ ಎಡಗಡೆಯಿಂದಲೇ ಅಪ್ಪಿದಳು. ಕಪ್ಪನ್ನು ಅದ್ವಿಕಾ ಹೊತ್ತುಕೊಂಡು ಕೋರ್ಟಿನ ಸುತ್ತ ಓಡಿದಳು, ಹಿಂದೆ ಇಡೀ ತಂಡ, ಅದರ ಹಿಂದೆ ತಟ್ಟೆ ಬಡಿಯುವ ಮಕ್ಕಳ ಹಿಂಡು. ಫೋಟೋಗೆ ಎಲ್ಲರೂ ಬನ್ನಿ, ಬೇಗ ಬನ್ನಿ ಎಂದು ಮೈಕಿನಲ್ಲಿ ಕರೆ ಬಂತು.

ನೂಕುನುಗ್ಗಲಿನಲ್ಲಿ ಸುನಂದಾಳ ರಬ್ಬರ್ ಬ್ಯಾಂಡ್ ಎಲ್ಲೋ ಹರಿದುಹೋಗಿತ್ತು. ಬೆವರಿನ ಕೂದಲು ಮುಖದ ತುಂಬ, ಕಣ್ಣಿನೊಳಗೆ, ಬಾಯಿಯೊಳಗೆ. ಎಡಗೈಯಲ್ಲಿ ಹಿಂದಕ್ಕೆ ತಳ್ಳಿದಳು, ಮತ್ತೆ ಬಿತ್ತು. ತಳ್ಳಿದಳು, ಬಿತ್ತು. ಬಲಗೈ ಸೊಂಟದ ಹತ್ತಿರದಿಂದ ಏಳಲೊಲ್ಲದು. ಈಗ ಹಲ್ಲು ಕಚ್ಚಬಹುದಿತ್ತು, ನೋಡುವವರು ಯಾರೂ ಇರಲಿಲ್ಲ. ಕಚ್ಚಿದಳು. ಆದರೂ ಏಳಲಿಲ್ಲ.

ಬೆನ್ನ ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಡಾಕ್ಟರ್ ಕಾಮಾಕ್ಷಿ ಅದರಲ್ಲಿ ಕೂತರು. ಹೋಗಿ ಐಸ್ ಇಟ್ಟುಕೊಳ್ಳಿ, ನಾಳೆ ಬೆಳಿಗ್ಗೆ ಎಂಟೂವರೆಗೆ ಕ್ಲಿನಿಕ್ಕಿಗೆ ಬನ್ನಿ, ಸ್ಕ್ಯಾನಿಗೆ ಬರೆದುಕೊಡುತ್ತೇನೆ, ರಾತ್ರಿ ನಿದ್ದೆಗೆ ಮಾತ್ರೆಯನ್ನೂ ಕೊಡುತ್ತೇನೆ ಎಂದು ಬೈಯುವ ದನಿಯಲ್ಲೇ ಹೇಳಿದರು. ಆಮೇಲೆ ಜೇಬಿನಿಂದ ಇನ್ನೊಂದು ರಬ್ಬರ್ ಬ್ಯಾಂಡ್ ತೆಗೆದರು.

“ಕೂತ್ಕೊಳ್ಳಿ ಇಲ್ಲಿ. ಆ ಕಡೆ ತಿರುಗಿ.”

ಸುನಂದಾ ಪಕ್ಕದಲ್ಲಿದ್ದ ಬೆಂಚಿನ ತುದಿಯಲ್ಲಿ ಕೂರಲು ಹೋದಳು.

“ಅಲ್ಲಿ ಬೇಡ. ನೆಲದ ಮೇಲೆ.”

ಕೂತಳು.

“ಇನ್ನೂ ಸ್ವಲ್ಪ ಬಗ್ಗಿ. ನನ್ನ ಕೈ ಅಷ್ಟು ಮೇಲೆ ಬರಲ್ಲ.”

ಸುನಂದಾ ಬಗ್ಗಿದಳು. ಒಣಗಿದ, ಗಟ್ಟಿ ಬೆರಳುಗಳು ಅವಳ ಕೂದಲನ್ನು ಹಣೆಯಿಂದ, ಕಿವಿಗಳಿಂದ ಬಾಚಿ ಹಿಂದಕ್ಕೆ ತಂದವು. ಎಡಗೈ ಸಲೀಸಾಗಿ ಬಂತು. ಬಲಗೈ ತಡವಾಗಿ, ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಬಂತು. ರಬ್ಬರ್ ಬ್ಯಾಂಡ್ ಒಂದು ಸುತ್ತು ಸುತ್ತಿತು. ಎರಡನೆಯ ಸುತ್ತಿಗೆ ಕುತ್ತಿಗೆಯ ಹಿಂದೆ ಬೀಳುತ್ತಿದ್ದ ಡಾಕ್ಟರರ ಉಸಿರು ನಿಂತಿತು. ಮೂರನೆಯ ಸುತ್ತೂ ಬಿಗಿಯಾಗಿ ಬಿದ್ದಮೇಲೆಯೇ ಅದು ಮತ್ತೆ ಶುರುವಾದದ್ದು.